ಹಿಡಿಕೆ ಇದ್ದ ಕಂಪ್ಯೂಟರ್

ನಾಲ್ಕನೇ ಬಾಡಿಗೆ ಮನೆಗೆ ಸಾಮಾನು ಸಾಗಿಸಿದ ದಿನ ರಾತ್ರಿ ಕಂಪ್ಯೂಟರ್ ಆನ್ ಮಾಡಿದೆ. ಫ್ಯಾನ್ ತಿರುಗಿತು, ದೀಪ ಹತ್ತಿತು, ಮಾನಿಟರ್‌ನಲ್ಲಿ ಮಾತ್ರ ಏನೂ ಬರಲಿಲ್ಲ. ಪಕ್ಕದ ಗಾಜು ತೆಗೆದು ನೋಡಿದರೆ ಕೆಜಿ ತೂಗುವ ಗ್ರಾಫಿಕ್ಸ್ ಕಾರ್ಡ್ ಜೋತು ಬಿದ್ದಿದೆ. ಟೆಂಪೋದ ಕುಲುಕಾಟಕ್ಕೆ ಮದರ್‌ಬೋರ್ಡಿನ ಸ್ಲಾಟೇ ಮುರಿದಿತ್ತು. ಸಾಗಿಸುವ ಮುಂಚೆ ಕಾರ್ಡ್ ಬಿಚ್ಚಿಡಬೇಕಿತ್ತು, ತಪ್ಪು ನನ್ನದೇ.

ಸಹಾಯಕ್ಕೆ ಅಂತ ಹಾಸನದಿಂದ ಬಂದಿದ್ದ ಅಮ್ಮ ಬಗ್ಗಿ ನೋಡಿದರು. "ಒಳಗೆಲ್ಲ ಖಾಲಿನೇ ಇದೆಯಲ್ಲೋ. ಇಷ್ಟಕ್ಕೆ ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ ಬೇಕಿತ್ತು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರಶ್ನೆ ಸುಮ್ಮನೆ ಬಿಡುವಂಥದ್ದೂ ಆಗಿರಲಿಲ್ಲ. ಅಪ್ಪನಿಗೆ ಡಯಾಲಿಸಿಸ್ ಶುರುವಾಗಿತ್ತು. ಇನ್ನು ಮುಂದೆ ತಿಂಗಳಲ್ಲಿ ಅರ್ಧ ಹಾಸನ, ಅರ್ಧ ಬೆಂಗಳೂರು ಎಂದು ಆಫೀಸಿನಲ್ಲಿ ಒಪ್ಪಿಸಿಕೊಂಡಿದ್ದೆ. ನನ್ನ ಕೆಲಸ ತ್ರೀಡಿ ರೆಂಡರಿಂಗ್. ಯಂತ್ರ ನನ್ನ ಜೊತೆ ಬಂದರೆ ಸಂಬಳ, ಬರದಿದ್ದರೆ ರಜೆ. ಹಾಗಾಗಿ ಡಬ್ಬಿ ಹುಡುಕಲು ಕೂತವನು ಡಬ್ಬಿಯ ಚರಿತ್ರೆ ಓದುತ್ತಾ ಹೋದೆ.

ಚರಿತ್ರೆ ಶುರುವಾಗುವುದೇ ಹಿಡಿಕೆಯಿಂದ. 1981ರ ಏಪ್ರಿಲ್‌ನಲ್ಲಿ ಅಮೆರಿಕದ ವೆಸ್ಟ್ ಕೋಸ್ಟ್ ಕಂಪ್ಯೂಟರ್ ಮೇಳದಲ್ಲಿ ಆಸ್ಬೋರ್ನ್ 1 ಎಂಬ ಯಂತ್ರವನ್ನು ತೋರಿಸಿದರು. ನೋಡಲು ಹೊಲಿಗೆ ಮೆಷಿನ್ನಿನ ಪೆಟ್ಟಿಗೆ ಥರ. ಮುಚ್ಚಳ ತೆಗೆದರೆ ಅದೇ ಕೀಬೋರ್ಡ್. ಎದುರಿಗೆ ಎರಡು ಫ್ಲಾಪಿ ಡ್ರೈವ್, ನಡುವೆ ಅಂಗೈಯಷ್ಟು, ಅಂದರೆ 5 ಇಂಚಿನ ಪರದೆ. ತೂಕ ಸುಮಾರು 11 ಕೆಜಿ, ಬೆಲೆ 1,795 ಡಾಲರ್. ವಿಮಾನದ ಸೀಟಿನ ಕೆಳಗೆ ಹಿಡಿಸಬೇಕು ಎಂಬುದೇ ಅದರ ಅಳತೆಯ ಲೆಕ್ಕ. ಇವತ್ತು ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆಜಿ ಮಿತಿ. ಆಸ್ಬೋರ್ನ್ ತಂದರೆ ಕೌಂಟರಿನಲ್ಲೇ ನಿಲ್ಲಿಸುತ್ತಾರೆ.

ಇದರ ಹಿಂದಿದ್ದ ಆಡಮ್ ಆಸ್ಬೋರ್ನ್‌ಗೆ ನಮ್ಮ ಪಕ್ಕದೂರಿನ ನಂಟಿದೆ. ಬ್ಯಾಂಕಾಕ್‌ನಲ್ಲಿ ಹುಟ್ಟಿದ ಈತ ಬೆಳೆದದ್ದು ತಿರುವಣ್ಣಾಮಲೈಯಲ್ಲಿ. ತಂದೆ ಆರ್ಥರ್ ಆಸ್ಬೋರ್ನ್ ರಮಣ ಮಹರ್ಷಿಗಳ ಶಿಷ್ಯ, ಅವರ ಬಗ್ಗೆ ಪುಸ್ತಕ ಬರೆದವರು. ಮಗ ಅಮೆರಿಕಕ್ಕೆ ಹೋಗಿ ಕಂಪ್ಯೂಟರ್ ಪುಸ್ತಕ ಬರೆದು, ಲೀ ಫೆಲ್ಸೆನ್‌ಸ್ಟೈನ್ ಎಂಬ ಎಂಜಿನಿಯರ್ ಕೈಲಿ ಈ ಯಂತ್ರ ಮಾಡಿಸಿದ. ಮೊದಲು ಬಿಸಿ ಬಿಸಿಯಾಗಿ ಮಾರಾಟವಾಯಿತು. ಮುಂದಿನ ಮಾದರಿ ಬರುತ್ತಿದೆ ಎಂಬ ಸುದ್ದಿ ಮೊದಲೇ ಹಬ್ಬಿ, ಇದ್ದದ್ದನ್ನು ಕೊಳ್ಳುವವರು ಕಡಿಮೆಯಾದರು. ಪೈಪೋಟಿಯೂ ಬಿಗಿಯಾಯಿತು. 1983ರ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿ. ಆಡಮ್ ಕೊನೆಗಾಲದಲ್ಲಿ ಭಾರತಕ್ಕೇ ಬಂದು, 2003ರಲ್ಲಿ ಕೊಡೈಕೆನಾಲ್‌ನಲ್ಲಿ ತೀರಿಕೊಂಡ.

ಆ ಹೊತ್ತಿಗೆ ಟೆಕ್ಸಾಸ್‌ನಲ್ಲಿ ರಾಡ್ ಕ್ಯಾನಿಯನ್, ಜಿಮ್ ಹ್ಯಾರಿಸ್, ಬಿಲ್ ಮುರ್ಟೊ ಎಂಬ ಮೂವರು ಕೆಲಸ ಬಿಟ್ಟು ಹೊರಬಂದಿದ್ದರು. ಹ್ಯೂಸ್ಟನ್‌ನ ಒಂದು ಹೋಟೆಲಿನಲ್ಲಿ ಕೂತು, ತಟ್ಟೆ ಕೆಳಗೆ ಹಾಸುವ ಕಾಗದದ ಮೇಲೆ ಅವರ ಯಂತ್ರದ ಮೊದಲ ಚಿತ್ರ ಮೂಡಿತು. ಅದು ಕಾಂಪ್ಯಾಕ್ ಪೋರ್ಟಬಲ್. 1982ರ ಕೊನೆಗೆ ಘೋಷಣೆ, 1983ರಲ್ಲಿ ಅಂಗಡಿಗೆ. ತೂಕ 12.7 ಕೆಜಿ, ಆಸ್ಬೋರ್ನ್‌ಗಿಂತಲೂ ಜಾಸ್ತಿ! ಆದರೆ ಪರದೆ 9 ಇಂಚು, ಮತ್ತು ಐಬಿಎಂ ಪಿಸಿಗೆ ಬರೆದ ಸಾಫ್ಟ್‌ವೇರ್ ಇದರಲ್ಲೂ ಓಡುತ್ತಿತ್ತು. ಮೊದಲ ವರ್ಷವೇ 53,000 ಯಂತ್ರ ಮಾರಾಟವಾಯಿತು. ನನಗೆ ಇಲ್ಲಿ ಸಿಕ್ಕ ಪಾಠ ಇಷ್ಟೇ: ಜನ ಹಗುರವಾದದ್ದನ್ನು ಆರಿಸಲಿಲ್ಲ. ಮೇಜಿನ ಮೇಲಿನ ಯಂತ್ರ ಮಾಡುವ ಅದೇ ಕೆಲಸವನ್ನು ಇನ್ನೊಂದು ಊರಿನಲ್ಲೂ ಮಾಡಿಕೊಡುವುದನ್ನು ಆರಿಸಿದರು.

ಮುಂದೆ ದಾರಿ ಎರಡಾಯಿತು. ತೆಳು ಎಲ್‌ಸಿಡಿ ಪರದೆ, ಬ್ಯಾಟರಿ ಬಂದು, ಹೊತ್ತುಕೊಂಡು ಹೋಗುವ ಕೆಲಸವೆಲ್ಲ ಲ್ಯಾಪ್‌ಟಾಪಿನ ಪಾಲಾಯಿತು. ಡೆಸ್ಕ್‌ಟಾಪ್ ಇದ್ದಲ್ಲೇ ಕೂತು ಬೆಳೆಯಿತು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಅಳತೆಯಲ್ಲಿ ಮದರ್‌ಬೋರ್ಡ್ 305 × 244 ಮಿ.ಮೀ. ಏಳು ಕಾರ್ಡ್ ಚುಚ್ಚಲು ಜಾಗ: ಸೌಂಡಿಗೊಂದು, ಮೋಡೆಮ್‌ಗೊಂದು, ನೆಟ್‌ವರ್ಕಿಗೊಂದು. ಜೊತೆಗೆ ಸಿಡಿ ಡ್ರೈವ್, ಹಾರ್ಡ್ ಡಿಸ್ಕುಗಳ ಸಾಲು. ನಿಧಾನಕ್ಕೆ ಸೌಂಡ್, ನೆಟ್‌ವರ್ಕ್ ಬೋರ್ಡಿನೊಳಗೇ ಸೇರಿಹೋದವು. ಸಿಡಿ ಮಾಯವಾಯಿತು. ಹಾರ್ಡ್ ಡಿಸ್ಕಿನ ಬದಲು ಚೂಯಿಂಗ್ ಗಮ್ ಪಟ್ಟಿಯಷ್ಟು ಎಸ್‌ಎಸ್‌ಡಿ ಬಂತು. ಪೆಟ್ಟಿಗೆ ಮಾತ್ರ ಹಾಗೇ ಉಳಿಯಿತು. ಅಮ್ಮ ನೋಡಿದ ಖಾಲಿ ಜಾಗ ಇದೇ, ಖಾಲಿ ಮಾಡಿ ಹೋದ ಬಾಡಿಗೆದಾರರ ಕೋಣೆಗಳು.

ಈ ದೊಡ್ಡ ಪೆಟ್ಟಿಗೆಯನ್ನೂ ಹೊತ್ತವರಿದ್ದರು. ಡೂಮ್, ಕ್ವೇಕ್ ಕಾಲದಲ್ಲಿ ಹುಡುಗರು ಮಾನಿಟರ್ ಸಮೇತ ಯಂತ್ರ ಹೊತ್ತು ಒಂದು ಕಡೆ ಸೇರಿ, ತಂತಿ ಜೋಡಿಸಿ ಆಡುತ್ತಿದ್ದರು. ಸ್ವೀಡನ್‌ನ ಡ್ರೀಮ್‌ಹ್ಯಾಕ್, ಟೆಕ್ಸಾಸ್‌ನ ಕ್ವೇಕ್‌ಕಾನ್ ಹೀಗೇ ಬೆಳೆದ ಜಾತ್ರೆಗಳು. ನಮ್ಮಲ್ಲಿ ಅದು ಉಲ್ಟಾ. ಕೌಂಟರ್ ಸ್ಟ್ರೈಕ್ ಆಡಲು ನಾವೇ ಸೈಬರ್ ಕೆಫೆಗೆ ಹೋಗುತ್ತಿದ್ದೆವು. ಹೊರಲು ಯಾರ ಮನೆಯಲ್ಲಿ ಯಂತ್ರ ಇತ್ತು?

ಹೊತ್ತವರ ಬೆನ್ನುನೋವಿಗೆ ಔಷಧ ಬಂದದ್ದು ತೈವಾನ್‌ನಿಂದ. 2001ರಲ್ಲಿ ಶಟಲ್ ಕಂಪನಿ ಶೂ ಡಬ್ಬಿಯಂಥ ಪಿಸಿ ತಂದಿತು. ಆದರೆ ಬೋರ್ಡ್, ಪವರ್ ಸಪ್ಲೈ ಎಲ್ಲ ಅದರದೇ ಅಳತೆ, ಒಂದು ಕೆಟ್ಟರೆ ಪಕ್ಕದಂಗಡಿಯದ್ದು ಕೂರುವುದಿಲ್ಲ. ಅದೇ ವರ್ಷ ಅದೇ ದೇಶದ ವಿಯಾ ಮಿನಿ ಐಟಿಎಕ್ಸ್ ಅಳತೆ ಪ್ರಕಟಿಸಿತು: 170 × 170 ಮಿ.ಮೀ., ಎಟಿಎಕ್ಸ್‌ನ ಐದರಲ್ಲಿ ಎರಡು ಪಾಲು. ವಿಯಾದ ಮನಸ್ಸಿನಲ್ಲಿದ್ದದ್ದು ಕಡಿಮೆ ಕರೆಂಟಿನ ಸಣ್ಣ ಯಂತ್ರಗಳು. ಅಳತೆ ಎಲ್ಲರಿಗೂ ಮುಕ್ತವಾಗಿದ್ದರಿಂದ ಬೇರೆ ಕಂಪನಿಗಳು ಅದರ ಮೇಲೆ ಬಲಿಷ್ಠ ಪ್ರೊಸೆಸರ್ ಕೂರಿಸಿದವು.

ಆದರೂ ಒಳ್ಳೆ ಡಬ್ಬಿ ಮಾಡಲು ದೊಡ್ಡವರು ಮುಂದೆ ಬರಲಿಲ್ಲ. ಹವ್ಯಾಸಿಗಳೇ ಮಾಡಿಕೊಂಡರು. ಎನ್‌ಕೇಸ್ ಎಂ1 ಎಂಬುದನ್ನು ಇಬ್ಬರು ಉತ್ಸಾಹಿಗಳು ವಿನ್ಯಾಸ ಮಾಡಿ, ಕೊಳ್ಳುವವರಿಂದಲೇ ಮುಂಗಡ ಹಣ ಎತ್ತಿ, ತೈವಾನ್‌ನ ಲಿಯಾನ್ ಲಿಯಲ್ಲಿ ಮಾಡಿಸಿದರು. ಗಾತ್ರ 12.6 ಲೀಟರ್. ಆಮೇಲೆ ಜರ್ಮನಿಯ ಡೇನಿಯಲ್ ಹಾನ್ಸೆನ್ ಡ್ಯಾನ್ ಎ4 ತಂದರು: 7.2 ಲೀಟರ್! ಬೋರ್ಡಿಗೆ ಲಂಬವಾಗಿ ನಿಲ್ಲುವ ಗ್ರಾಫಿಕ್ಸ್ ಕಾರ್ಡನ್ನು ಅಗಲ ಕೇಬಲ್ ಮೂಲಕ ಬೋರ್ಡಿನ ಬೆನ್ನಿಗೆ ತಂದು, ಎರಡಕ್ಕೂ ನಡುವೆ ಒಂದೇ ಗೋಡೆ. ಸ್ಯಾಂಡ್‌ವಿಚ್ ಥರ. ಕಾರ್ಡ್ ಸ್ಲಾಟಿಗೆ ಜೋತುಬೀಳುವ ಪ್ರಶ್ನೆಯೇ ಇಲ್ಲ.

ಲೀಟರ್ ಲೆಕ್ಕ ಬೆಂಗಳೂರಿನವರಿಗೆ ಸುಲಭ. ಬಾಗಿಲಿಗೆ ಬರುವ ನೀರಿನ ಕ್ಯಾನ್ 20 ಲೀಟರ್. ನನ್ನ ಹಳೇ ಟವರ್ ಅಂಥ ಎರಡು ಕ್ಯಾನಿಗಿಂತ ದೊಡ್ಡದು. ಡ್ಯಾನ್ ಎ4 ದೊಡ್ಡ ಕುಟುಂಬದ ಕುಕ್ಕರಿನಷ್ಟು.

ಹಾಗಂತ ಎಲ್ಲಕ್ಕಿಂತ ಸಣ್ಣದನ್ನು ತಗೊಳ್ಳಲಿಲ್ಲ. ಯಾಕೆಂದರೆ ಚರಿತ್ರೆಯ ಇನ್ನೊಂದು ಗೆರೆ ಮೇಲಕ್ಕೇ ಹೋಗಿದೆ, ಶಾಖದ್ದು. 2016ರ ಜಿಟಿಎಕ್ಸ್ 1080 ಕಾರ್ಡಿಗೆ 180 ವಾಟ್. 2022ರ ಆರ್‌ಟಿಎಕ್ಸ್ 4090ಗೆ 450 ವಾಟ್, ಉದ್ದ 304 ಮಿ.ಮೀ., ದಪ್ಪ ಮೂರು ಸ್ಲಾಟಿನಷ್ಟು. ಡಬ್ಬಿ ಅರ್ಧ ಆದರೂ ಶಾಖ ಅರ್ಧ ಆಗುವುದಿಲ್ಲ. ಫ್ಯಾನ್ ಕೂಗುತ್ತದೆ, ಅಥವಾ ಕಾರ್ಡ್ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. "ಲ್ಯಾಪ್‌ಟಾಪೇ ತಗೋಬಾರ್ದಾ?" ಅಂತ ಗೆಳೆಯರು ಕೇಳಿದರು. ಲ್ಯಾಪ್‌ಟಾಪಿಗೂ 4090 ಅನ್ನುವ ಹೆಸರಿದೆ, ಆದರೆ ಒಳಗಿರುವುದು ಬೇರೆ ಸಣ್ಣ ಚಿಪ್, ಕುಡಿಯುವುದು ಹೆಚ್ಚೆಂದರೆ 175 ವಾಟ್. ಕೆಟ್ಟರೆ ಬರೀ ಕಾರ್ಡ್ ಬದಲಿಸಲೂ ಆಗದು.

ನನ್ನದು 200 ವಾಟಿನ 4070, ದಪ್ಪ ಎರಡೇ ಸ್ಲಾಟ್. ಅದನ್ನು ಅಳೆದು ಫ್ರಾಕ್ಟಲ್ ಟೆರಾ ತಗೊಂಡೆ, 10.4 ಲೀಟರ್, ಅರ್ಧ ಕ್ಯಾನ್. ಒಳಗೂ ಸ್ಯಾಂಡ್‌ವಿಚ್ಚೇ, ನಡುವಿನ ಗೋಡೆಯನ್ನು ಆಚೀಚೆ ಸರಿಸಬಹುದು. ಕಾರ್ಡಿಗೆ ಜಾಗ ಕೊಟ್ಟರೆ ಪ್ರೊಸೆಸರ್ ಕೂಲರಿಗೆ ಕಮ್ಮಿ, ಕೂಲರಿಗೆ ಕೊಟ್ಟರೆ ಕಾರ್ಡಿಗೆ ಕಮ್ಮಿ. ಇಬ್ಬರು ಮಕ್ಕಳಿಗೆ ಒಂದು ಹೊದಿಕೆ. ಬೋರ್ಡ್ ಹೇಗೂ ಮುರಿದಿತ್ತು, ಮಿನಿ ಐಟಿಎಕ್ಸ್ ಕೊಂಡೆ. ಎಸ್‌ಎಫ್‌ಎಕ್ಸ್ ಎಂಬ ಸಣ್ಣ ಪವರ್ ಸಪ್ಲೈಯನ್ನೂ ಕೊಳ್ಳಬೇಕಾಯಿತು. ಎರಡಕ್ಕೂ ದೊಡ್ಡವಕ್ಕಿಂತ ದುಡ್ಡು ಜಾಸ್ತಿ, ರ‍್ಯಾಮ್‌ಗೆ ಎರಡೇ ಸ್ಲಾಟ್. ಸಣ್ಣದಾಗಿರುವುದಕ್ಕೂ ಒಂದು ಬಾಡಿಗೆ ಇದೆ.

ಆಸ್ಬೋರ್ನ್ ಕಾಲದಲ್ಲಿ ಪರದೆಯನ್ನೂ ಹೊರಬೇಕಿತ್ತು, ನನಗೆ ಅದು ಬೇಡ. ಹಳೇ ಮಾನಿಟರ್ ಹಾಸನದಲ್ಲಿ ಅಪ್ಪನ ಮಂಚದ ಎದುರಿಗಿನ ಮೇಜಿನ ಮೇಲೆ ಕಾಯಂ ಇಟ್ಟಿದ್ದೇನೆ. ಮೊದಲ ಸಲ ಯಶವಂತಪುರದಲ್ಲಿ ರೈಲು ಹತ್ತಿದಾಗ ಬ್ಯಾಗನ್ನು ಮೇಲಿಡಲು ಧೈರ್ಯವಾಗದೆ ಕುಣಿಗಲ್ ದಾಟುವವರೆಗೂ ತೊಡೆ ಮೇಲೇ ಇಟ್ಟುಕೊಂಡಿದ್ದೆ. ಈಗ ಕಾಲ ಬಳಿ ಇಡುತ್ತೇನೆ, ಸೀಟಿನ ಕೆಳಗೆ ಸರಿಯಾಗಿ ಹಿಡಿಸುತ್ತದೆ.

ಡಯಾಲಿಸಿಸ್ ಇಲ್ಲದ ದಿನ ಅಪ್ಪ ಮಲಗಿದಲ್ಲಿಂದಲೇ ರೆಂಡರ್ ಎಷ್ಟಕ್ಕೆ ಬಂತು ಎಂದು ಶೇಕಡಾವಾರು ಓದಿ ಹೇಳುತ್ತಾರೆ. ಫ್ಯಾನಿನ ಸದ್ದು ತೊಂದರೆ ಆಗುತ್ತಾ ಅಂತ ಒಮ್ಮೆ ಕೇಳಿದೆ. "ಸದ್ದಿದ್ರೆ ನೀನು ಇಲ್ಲೇ ಇದೀಯ ಅಂತ ಗೊತ್ತಾಗುತ್ತೆ, ಇರ್ಲಿ ಬಿಡು" ಅಂದರು.