ದೋಣಿಗೂ ಮೊದಲು ಅಳಿವೆ

ಕಳೆದ ಜೂನ್‌ನಲ್ಲಿ ನನಗೊಂದು ವಿಚಿತ್ರ ಅನುವಾದದ ಕೆಲಸ ಬಂತು. ಅಮೆರಿಕದ ಸರೋವರಗಳಲ್ಲಿ ಬಾಸ್ ಎಂಬ ಮೀನನ್ನು ಗಾಳ ಹಾಕಿ ಹಿಡಿಯುವ ಹವ್ಯಾಸಿಗಳಿಗಾಗಿ ಬರೆದ ಕೈಪಿಡಿ ಅದು. ನೀರು ಒರಟಾಗಿರುವಾಗಲೂ ಚೆನ್ನಾಗಿ ಸಾಗುವ ದೋಣಿಯನ್ನು ಹೇಗೆ ಆರಿಸಬೇಕು ಎಂಬುದು ವಿಷಯ. ಇದನ್ನು ಕನ್ನಡದಲ್ಲಿ ಯಾರು ಓದುತ್ತಾರೆ ಎಂದು ಏಜೆನ್ಸಿಯವರನ್ನು ನಾನು ಕೇಳಲಿಲ್ಲ. ಪದಕ್ಕಿಷ್ಟು ಎಂದು ಬದುಕುವವರು ಆ ಪ್ರಶ್ನೆ ಕೇಳುವುದನ್ನು ಬೇಗ ಬಿಡುತ್ತಾರೆ.

ಕಾಂದಿವಲಿಯ ನಮ್ಮ ಮನೆಯ ಕಿಟಕಿಯಾಚೆ ಮಳೆ ಹೊಯ್ಯುತ್ತಿತ್ತು. ನಾನು ಎರಡನೇ ಪುಟದಲ್ಲೇ ಸಿಕ್ಕಿಬಿದ್ದೆ. ಗಾಳಿಗೆ ಎದ್ದ ಸಣ್ಣ ಸಣ್ಣ ಚೂಪು ಅಲೆಗೆ ಒಂದು ಪದ, ದೂರದಿಂದ ಉರುಳಿ ಬರುವ ಉದ್ದ ಅಲೆಗೆ ಇನ್ನೊಂದು, ದಡದಲ್ಲಿ ಒಡೆಯುವ ಅಲೆಗೆ ಮತ್ತೊಂದು. ನಿಘಂಟಿನಲ್ಲಿ ಎಲ್ಲಕ್ಕೂ ‘ಅಲೆ’, ‘ತೆರೆ’. ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಿದ್ದರಿಂದ ಒಂದು ವಿಷಯ ಗೊತ್ತಿತ್ತು: ಪದ ಭಾಷೆಯಲ್ಲಿ ಇಲ್ಲ ಎನ್ನುವ ಮೊದಲು, ಅದನ್ನು ದಿನಾ ಬಳಸುವವರನ್ನು ಕೇಳಬೇಕು. ಗಂಗೊಳ್ಳಿಯಲ್ಲಿರುವ ಅಮ್ಮನ ಅಣ್ಣನಿಗೆ ಫೋನ್ ಮಾಡಿದೆ. ಮಾವ ಮೂವತ್ತು ವರ್ಷ ಬೋಟಿನಲ್ಲಿ ದುಡಿದವರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು ಅಂದದ್ದು ಒಂದೇ ಮಾತು: “ದೋಣಿ ಹ್ಯಾಂಗಿತ್ ಅಂದ್ ಕೇಣ್ಬೇಡ ಮಗಾ. ಅಳಿವೆ ಹ್ಯಾಂಗಿತ್ ಅಂದ್ ಕೇಣ್.”

ಕೈಪಿಡಿಯನ್ನು ಹೇಗೋ ಮುಗಿಸಿ ಕೊಟ್ಟೆ. ಆದರೆ ಮಾವನ ಮಾತು ಉಳಿದುಬಿಟ್ಟಿತು. ಅದರ ಬೆನ್ನು ಹತ್ತಿದಾಗ ಕಂಡ ಚರಿತ್ರೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಕೈಪಿಡಿಯ ಸಾರ. ಚಪ್ಪಟೆ ತಳದ ದೋಣಿ ಕಡಿಮೆ ಆಳದ ನೀರಿನಲ್ಲೂ ತೇಲುತ್ತದೆ, ನಿಂತಲ್ಲಿ ಅಲುಗಾಡುವುದಿಲ್ಲ. ಆದರೆ ವೇಗದಲ್ಲಿ ಅಲೆಗೆ ಎದುರಾದರೆ ತಳ ನೀರಿಗೆ ಬಡಿದು ಬೆನ್ನುಮೂಳೆ ನಡುಗಿಸುತ್ತದೆ. ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ ಚೂಪಾದ ತಳ ಅಲೆಯನ್ನು ಸೀಳಿ ಹೋಗುತ್ತದೆ. ಆದರೆ ನಿಂತಾಗ ಹೊರಳುತ್ತದೆ, ಹೆಚ್ಚು ಆಳ ಬೇಡುತ್ತದೆ, ಹೆಚ್ಚು ಶಕ್ತಿಯ ಎಂಜಿನ್ ಬೇಡುತ್ತದೆ. ಅಗಲ ಹೆಚ್ಚಿದರೆ ಸಮತೋಲ, ಉದ್ದ ಹೆಚ್ಚಿದರೆ ಅಲೆಯಿಂದ ಅಲೆಗೆ ಸೇತುವೆ, ಬದಿ ಎತ್ತರವಾದರೆ ಒಳಗೆ ನೀರು ಕಡಿಮೆ. ಆಳವಾದ ವಿ-ತಳ ಹೆಸರು ಮಾಡಿದ್ದು 1960ರ ಮಯಾಮಿ–ನಸ್ಸೌ ಪಂದ್ಯದಲ್ಲಿ. ರೇಮಂಡ್ ಹಂಟ್ ರೂಪಿಸಿದ ‘ಮಾಪಿ’ ಎಂಬ ದೋಣಿ ಒರಟು ಸಮುದ್ರದಲ್ಲಿ ಉಳಿದವರನ್ನು ಹಿಂದಿಕ್ಕಿತು. ಅಂದರೆ ಒಂದು ಗುಣ ಪಡೆಯಲು ಇನ್ನೊಂದನ್ನು ಬಿಡಬೇಕು. ಯಾವುದನ್ನು ಬಿಡುವುದೆಂದು ನಿರ್ಧರಿಸುವುದು ನೀರು.

ನಮ್ಮ ಕರಾವಳಿಯವರು ಈ ಲೆಕ್ಕವನ್ನು ಬಹಳ ಹಿಂದೆಯೇ ಹಾಕಿದ್ದರು. ಬಂದರು ಎಂಬುದು ಕೆಲವೇ ಊರುಗಳ ಭಾಗ್ಯವಾಗಿದ್ದಾಗ, ಉಳಿದ ಊರುಗಳಲ್ಲಿ ದೋಣಿ ಹೊರಡುವುದೂ ಮರಳುವುದೂ ತೆರೆದ ಮರಳದಂಡೆಯಿಂದಲೇ. ಅಲ್ಲಿ ಅತ್ಯಂತ ಅಪಾಯದ ನೀರು ಆಳಸಮುದ್ರದ್ದಲ್ಲ. ದಡದಿಂದ ನೂರು ಗಜದೊಳಗೆ ಅಲೆ ಒಡೆಯುವ ಜಾಗದ್ದು. ಅಲ್ಲಿ ದಾಟುವ ದೋಣಿ ಹಗುರವಾಗಿರಬೇಕು, ಹತ್ತಾರು ಜನ ಎಳೆದು ಮರಳ ಮೇಲೆ ಹತ್ತಿಸುವಂತಿರಬೇಕು, ನೆಲಕ್ಕೆ ಕುಕ್ಕಿದರೂ ಸೀಳಬಾರದು.

ಇದಕ್ಕೆ ಎರಡು ಉತ್ತರಗಳಿದ್ದವು. ಒಂದು, ಮಾವು ಅಥವಾ ಹೆಬ್ಬಲಸಿನ ದೊಡ್ಡ ದಿಮ್ಮಿಯನ್ನು ಕೊರೆದು ಮಾಡಿದ ದೋಣಿ. ಅದು ಇಕ್ಕಟ್ಟು, ಮಗುಚುವುದು ಸುಲಭ. ಹಾಗಾಗಿ ಕಾರವಾರದಿಂದ ಗೋವಾ, ರತ್ನಾಗಿರಿಯವರೆಗೆ ದೋಣಿಯ ಒಂದು ಬದಿಗೆ ಎರಡು ಕೋಲು ಚಾಚಿ, ಅವುಗಳ ತುದಿಗೆ ತೇಲುವ ಮರದ ತುಂಡೊಂದನ್ನು ಕಟ್ಟಿದರು. ದೋಣಿಯ ಅಗಲ ಹೆಚ್ಚಿಸದೆ ಅಗಲದ ಲಾಭವನ್ನು ಪಡೆಯುವ ಉಪಾಯ. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆಯ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ 1920ರಲ್ಲಿ ಭಾರತದ ದೋಣಿಗಳ ರಚನೆಯ ಬಗ್ಗೆ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದ. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಉತ್ತರ ಕನ್ನಡ ಬೊಂಬಾಯಿಗೆ. ದೋಣಿಗಳಿಗೆ ಆ ಗಡಿ ಗೊತ್ತಿರಲಿಲ್ಲ.

ಎರಡನೆಯ ಉತ್ತರ, ಹೊಲಿದ ದೋಣಿ. ಹಲಗೆಗಳ ಅಂಚಿಗೆ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಬಿಗಿದು ಕಟ್ಟಿದ್ದು. ಮಾರ್ಕೊ ಪೋಲೊ ಹೊರ್ಮುಜ್‌ನಲ್ಲಿ ಇಂಥ ಹಡಗುಗಳನ್ನು ಕಂಡು, ಇವು ತೀರಾ ಕೆಟ್ಟವು ಎಂಬ ಅರ್ಥದಲ್ಲಿ ಬರೆದಿದ್ದಾನೆ. ದೂರದ ಪ್ರಯಾಣದ ಮಟ್ಟಿಗೆ ಅವನ ಮಾತಿನಲ್ಲಿ ಹುರುಳಿರಬಹುದು. ಆದರೆ ಒಡೆಯುವ ಅಲೆಯ ದಂಡೆಯಲ್ಲಿ ಮೊಳೆ ಹೊಡೆದ ಹಲಗೆ ಪೆಟ್ಟಿಗೆ ಸೀಳಿದರೆ, ಹೊಲಿದ ಹಲಗೆ ಸ್ವಲ್ಪ ಬಾಗಿ ಮತ್ತೆ ಸರಿಯಾಗುತ್ತದೆ. ನಮ್ಮ ರಂಪಣಿ ದೋಣಿ ಈ ವಂಶದ್ದು: ಚಪ್ಪಟೆ ತಳ, ನಾರಿನ ಹೊಲಿಗೆ. ಅರ್ಧ ಕಿಲೋಮೀಟರಿಗೂ ಮೀರಿದ ಬಲೆಯನ್ನು ಹೇರಿಕೊಂಡು ಅದು ದಡದಿಂದ ಅರ್ಧಚಂದ್ರಾಕಾರವಾಗಿ ಸುತ್ತು ಹಾಕಿ ಮತ್ತೆ ದಡಕ್ಕೇ ಬರುತ್ತಿತ್ತು. ಆಮೇಲೆ ಊರಿಗೆ ಊರೇ ನಿಂತು ಎರಡು ತುದಿಯಿಂದ ಎಳೆಯುವುದು. ಬಂಗುಡೆ, ಬೂತಾಯಿ ಸಿಕ್ಕರೆ ಎಲ್ಲರಿಗೂ ಪಾಲು. ಅಮೆರಿಕದ ಕೈಪಿಡಿಯ ಪ್ರಕಾರ ಇದು ಒರಟು ನೀರಿಗೆ ಆಗದ ತಳ. ಅದು ಹೋಗುತ್ತಿದ್ದ ನೀರಿಗೆ ಅದಕ್ಕಿಂತ ಒಳ್ಳೆಯ ತಳ ಇರಲಿಲ್ಲ.

ಮುಂಬಯಿಯ ಕಡೆಯ ಲೆಕ್ಕವೇ ಬೇರೆ. ನಮ್ಮ ಮನೆಯಿಂದ ಪಶ್ಚಿಮಕ್ಕೆ ಹೋದರೆ ಚಾರ್ಕೋಪ್, ಅದರಾಚೆ ಕಾಂಡ್ಲಾ ಗಿಡಗಳ ಕೆಸರು, ಗೊರಾಯಿ ಖಾಡಿ. ಇನ್ನೊಂದು ದಾರಿಯಲ್ಲಿ ಮಾರ್ವೆ, ಅಲ್ಲಿಂದ ಫೆರಿ ದಾಟಿದರೆ ಮನೋರಿ. ದಕ್ಷಿಣಕ್ಕೆ ಮಢ್, ವರ್ಸೋವಾ. ಎಲ್ಲವೂ ಕೋಳಿ ಜನರ ಊರುಗಳು. ಮಂಗಳೂರಿನಲ್ಲಿ ದೊಡ್ಡ ಭರತದ ದಿನವೂ ನೀರು ಏರಿಳಿಯುವುದು ಸುಮಾರು ಒಂದೂವರೆ ಮೀಟರ್. ಮುಂಬಯಿಯಲ್ಲಿ ಅದು ಐದು ಮೀಟರಿನ ಹತ್ತಿರ ಹೋಗುತ್ತದೆ. ಇಳಿತದ ಹೊತ್ತಿನಲ್ಲಿ ಮಾರ್ವೆಗೆ ಹೋಗಿ ನೋಡಿ, ದೋಣಿಗಳು ಕೆಸರಿನಲ್ಲಿ ಒಂದು ಮಗ್ಗುಲಿಗೆ ವಾಲಿ ಮಲಗಿರುತ್ತವೆ. ಆರು ಗಂಟೆ ಕಳೆದರೆ ನೀರೇ ಬಂದು ಎಬ್ಬಿಸುತ್ತದೆ. ಇಲ್ಲಿ ಜನ ದೋಣಿಯನ್ನು ಎಳೆಯಬೇಕಿಲ್ಲ, ಹಾಗಾಗಿ ಅದು ಭಾರವಾಗಿರಬಹುದು, ಮುಂದಕ್ಕೆ ಚಾಚಿದ ಚೂಪು ಮೂತಿ ಇರಬಹುದು, ದೂರ ಹೋಗಬಹುದು. ಬೊಂಬಿಲ್ ಹಿಡಿಯುವ ಡೋಲ್ ಬಲೆಯನ್ನು ಕೂಡ ಯಾರೂ ಎಳೆದು ಸುತ್ತುವುದಿಲ್ಲ. ಚೀಲದಂಥ ಬಲೆಯನ್ನು ಕಟ್ಟಿ ನಿಲ್ಲಿಸಿದರೆ ಭರತ–ಇಳಿತದ ಸೆಳೆತವೇ ಮೀನನ್ನು ಒಳಗೆ ತಳ್ಳುತ್ತದೆ.

ದೋಣಿಗಳು ಬೇರೆಯಾದರೂ ಪದಗಳು ಬೆರೆತಿವೆ. ಹಳೆಯ ಕನ್ನಡದಲ್ಲೂ ತುಳುವಿನಲ್ಲೂ ದೋಣಿಗೆ ‘ಓಡ’, ತಮಿಳು ಮಲಯಾಳಂಗಳಲ್ಲಿ ‘ಓಡಂ’. ಮರಾಠಿ ಕೊಂಕಣಿಗಳಲ್ಲಿ ‘ಹೋಡಿ’. ಇವು ಒಂದೇ ಬೇರಿನವೇ ಎಂದು ಆಣೆ ಮಾಡಲಾರೆ, ಆದರೆ ಕಿವಿಗೆ ನೆಂಟರಂತೆ ಕೇಳಿಸುತ್ತವೆ. ಮಲ್ಪೆಯ ಬೋಟಿನ ನಾಯಕ ‘ತಾಂಡೇಲ’; ಮುಂಬಯಿಯಲ್ಲಿ ಅದೇ ಪದ ಮನೆತನದ ಹೆಸರಾಗಿದೆ. ಕೋಳಿಯವರ ‘ನಾಖವಾ’ ಪಾರಸಿಯ ನಾಖುದಾನಿಂದ ಬಂದದ್ದು. ಮಂಗಳೂರಿನ ‘ಧಕ್ಕೆ’ಯೂ ಮುಂಬಯಿಯ ‘ಭಾವುಚಾ ಧಕ್ಕಾ’ದ ಧಕ್ಕೆಯೂ ಒಂದೇ. ಈ ಪದಗಳು ಓಡಾಡಿದ ದಾರಿಯಲ್ಲೇ ನಮ್ಮವರೂ ಇಲ್ಲಿಗೆ ಬಂದರು. ಮುಂಬಯಿಯ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಕಡಲಿನಿಂದ ಬಂದು ಹೋಟೆಲು, ಮಿಲ್ಲು, ಕಚೇರಿ ಸೇರಿದವರ ಸಂಘ ಅದು.

ಕರಾವಳಿಯ ದೋಣಿಯ ಲೆಕ್ಕ ಬುಡಮೇಲಾದದ್ದು 1952ರ ನಂತರ. ಆ ವರ್ಷ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಸೇರಿ ಒಪ್ಪಂದ ಮಾಡಿಕೊಂಡು, ಮರುವರ್ಷ ಕೊಲ್ಲಂ ಹತ್ತಿರದ ನೀಂಡಕರದಲ್ಲಿ ಯೋಜನೆ ಶುರುಮಾಡಿದವು. ಬಂದವರು ಒರಟು ಕಡಲನ್ನು ಬಲ್ಲವರೇ. ಊರಿನ ದೋಣಿಗೆ ಎಂಜಿನ್ ಕೂರಿಸಿದರೆ ಸಾಕೆಂಬುದು ಮೊದಲ ಆಲೋಚನೆ. ಕೊರೆದ ದಿಮ್ಮಿ ಎಂಜಿನ್ನಿನ ತೂಕಕ್ಕೂ ನಡುಕಕ್ಕೂ ಒಗ್ಗಲಿಲ್ಲ. ಹಾಗಾದರೆ ಹೊಸ ದೋಣಿಯನ್ನೇ ಕಟ್ಟೋಣವೆಂದು 22ರಿಂದ 25 ಅಡಿಯ ಬೋಟುಗಳನ್ನು ಕಟ್ಟಿದರು. ಅವು ಆಳನೀರಿನಲ್ಲಿ ಚೆನ್ನಾಗಿಯೇ ಸಾಗಿದವು. ಆದರೆ ಎಂಜಿನ್ ಹೊತ್ತ, ಪ್ರೊಪೆಲ್ಲರ್ ಇಳಿಬಿಟ್ಟ ಬೋಟನ್ನು ಪ್ರತಿದಿನ ಮರಳದಂಡೆಗೆ ಎಳೆಯುವುದು ಆಗದ ಮಾತು. ಅದಕ್ಕೆ ಬಂದರು ಬೇಕು. ನೀಂಡಕರದಲ್ಲಿ ಅಳಿವೆ ಇತ್ತು, ಬಂದರಾಯಿತು. ಅಳಿವೆಯಿಲ್ಲದ ಊರುಗಳ ಗತಿ?

ಯೋಜನೆ ಮುಂದೆ ಕಾರವಾರಕ್ಕೂ ಬಂತು. ಸೀಗಡಿಗೆ ಹೊರದೇಶದಲ್ಲಿ ಬೆಲೆ ಬಂದಂತೆ ಟ್ರಾಲ್ ಬೋಟುಗಳು ಹೆಚ್ಚಿದವು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು, ದಡಕ್ಕೆ ಬರುವ ಮೊದಲೇ ಬಂಗುಡೆ ಬೂತಾಯಿಯ ಹಿಂಡನ್ನು ಸುತ್ತುವರಿದವು. ರಂಪಣಿಯವರು ಪ್ರತಿಭಟಿಸಿದರು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ದಡದಿಂದ ಮರೆಯಾಯಿತು. ಇಂದು ಉಳಿದಿರುವುದು ಕೈರಂಪಣಿ. ಮೀನು ಮಾತ್ರ ಹೋದದ್ದಲ್ಲ. ಹತ್ತಾರು ಊರುಗಳ ದಂಡೆಯಲ್ಲಿ ಹರಡಿದ್ದ ಕಸುಬು ಮಲ್ಪೆ, ಮಂಗಳೂರು, ಗಂಗೊಳ್ಳಿಯಂಥ ಕೆಲವು ಧಕ್ಕೆಗಳಿಗೆ ಸೇರಿಕೊಂಡಿತು. ಒರಟು ಕಡಲಿಗೆ ಒಳ್ಳೆಯ ಬೋಟನ್ನು ಆರಿಸಿದಾಗ, ಅದರ ಜೊತೆಗೇ ಯಾವ ಊರು ಮೀನುಗಾರರ ಊರಾಗಿ ಉಳಿಯಬೇಕು ಎಂಬುದನ್ನೂ ಆರಿಸಿದಂತಾಯಿತು. ದಂಡೆಯ ಊರುಗಳ ಹುಡುಗರು ಬೇರೆಯವರ ಬೋಟಿಗೆ ಕಲಾಸಿಗಳಾದರು, ಇಲ್ಲವೇ ಮುಂಬಯಿಯ ಬಸ್ಸು ಹತ್ತಿದರು. ನನ್ನ ಅಪ್ಪ ಬಸ್ಸು ಹತ್ತಿದವರು.

ಬೋಟು ದೊಡ್ಡದಾದಂತೆ ದೂರವೂ ದೊಡ್ಡದಾಯಿತು. ರಂಪಣಿ ದೋಣಿ ಮಗುಚಿದರೆ ದಡದಲ್ಲಿ ನಿಂತವರಿಗೆ ಕಾಣುತ್ತಿತ್ತು, ಈಜಿ ಹೋಗುವವರಿದ್ದರು. ಈಗಿನ ಆಳಸಮುದ್ರದ ಬೋಟು ಹತ್ತು ದಿನ ಕಣ್ಣಿಗೆ ಬೀಳುವುದಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ದಲ್ಲಿ ಏಳು ಜನರಿದ್ದರು. ಎರಡು ದಿನಗಳಲ್ಲಿ ಸಂಪರ್ಕ ಕಡಿಯಿತು. ಅದರ ಅವಶೇಷ ಮಾಲ್ವಣದಾಚೆಯ ಕಡಲತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಏಳು ಮನೆಗಳು ಬಾಗಿಲು ನೋಡುತ್ತ ಕೂತಿದ್ದವು. ಆ ತಿಂಗಳುಗಳಲ್ಲಿ ಮಾವ ಫೋನಿನಲ್ಲಿ ಬೇರೆ ಏನನ್ನೂ ಮಾತಾಡುತ್ತಿರಲಿಲ್ಲ.

ಇನ್ನು ಮಾವ ಹೇಳಿದ ಅಳಿವೆ. ನದಿ ಕಡಲನ್ನು ಸೇರುವ ಬಾಯಿ ಅದು. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳ ನೀರು ಒಂದೇ ಬಾಯಿಂದ ಹೊರಬೀಳುತ್ತದೆ. ಹೊಳೆ ತಂದ ಮರಳು ಅಲ್ಲೇ ಕೂರುವುದರಿಂದ ಆಳ ಕಡಿಮೆ. ಅಲೆಯ ಎತ್ತರ ನೀರಿನ ಆಳದ ಮುಕ್ಕಾಲು ಭಾಗಕ್ಕೆ ಬಂದರೆ ಅದು ಒಡೆಯುತ್ತದೆ ಎಂಬುದು ಸ್ಥೂಲ ಲೆಕ್ಕ. ಎರಡು ಮೀಟರ್ ಆಳದಲ್ಲಿ ಒಂದೂವರೆ ಮೀಟರಿನ ಅಲೆ ಸಾಕು. ಇಳಿತದ ಹೊತ್ತಿನಲ್ಲಿ ಹೊಳೆ ಹೊರಕ್ಕೆ ನುಗ್ಗುವಾಗ, ಎದುರು ಬರುವ ಅಲೆ ಇನ್ನೂ ಕಡಿದಾಗಿ ಏಳುತ್ತದೆ. ಹೋಗುವಾಗ ಅದನ್ನು ಎದುರಿಸಬಹುದು. ಮೀನು ತುಂಬಿಕೊಂಡು ಮರಳುವಾಗ ಅದು ಬೆನ್ನ ಹಿಂದಿನಿಂದ ಬರುತ್ತದೆ: ಹಿಂಭಾಗವನ್ನು ಎತ್ತುತ್ತದೆ, ಮೂತಿ ನೀರಿಗೆ ಇಳಿಯುತ್ತದೆ, ಚುಕ್ಕಾಣಿ ಹಿಡಿತ ತಪ್ಪುತ್ತದೆ, ದೋಣಿ ಅಡ್ಡ ತಿರುಗುತ್ತದೆ. ಮುಂದಿನ ಅಲೆಗೆ ಮಗುಚುತ್ತದೆ. ಇಲ್ಲಿ ತಳ ವಿ ಆಗಿದ್ದರೇನು, ಚಪ್ಪಟೆಯಾಗಿದ್ದರೇನು? ಯಾವ ಅಲೆಯ ಬೆನ್ನೇರಿ ಒಳಗೆ ಬರಬೇಕೆಂದು ತಾಂಡೇಲನಿಗೆ ಗೊತ್ತಿರಬೇಕು. ಅಳಿವೆಯ ಹೂಳೆತ್ತಿ, ತಡೆಗೋಡೆ ಕಟ್ಟಿ ಎಂದು ಕರಾವಳಿಯವರು ವರ್ಷ ವರ್ಷ ಕೇಳುತ್ತಲೇ ಇರುವುದು ಇದಕ್ಕೇ.

ದೋಣಿಯ ರಚನೆಯೊಂದೇ ಜೀವ ಉಳಿಸುವುದಿಲ್ಲ ಎಂಬುದಕ್ಕೆ ಮುಂಬಯಿ ಬೆಲೆ ತೆತ್ತ ದಿನವೂ ಇದೆ. 1947ರ ಜುಲೈ 17ರಂದು ರೇವಸ್ ಕಡೆಗೆ ಹೊರಟ ‘ರಾಮದಾಸ್’ ಹಡಗು ಮಳೆಗಾಲದ ಅಲೆಗೆ ಸಿಕ್ಕಿ ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು. ಅದು ಹಡಗು, ದೋಣಿಯಲ್ಲ. ಆದರೆ ಮಳೆಗಾಲ, ಕಿಕ್ಕಿರಿದ ಜನ, ಗಾಬರಿಯಲ್ಲಿ ಒಂದೇ ಬದಿಗೆ ನುಗ್ಗಿದ ತೂಕ.

ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಉಕ್ಕಿನ ದೊಡ್ಡ ಬೋಟುಗಳು ಧಕ್ಕೆಯಲ್ಲಿ ಒಂದಕ್ಕೊಂದು ಕಟ್ಟಿಕೊಂಡು ನಿಂತಿರುವಾಗ, ವರ್ಷದ ಅತಿ ಒರಟು ಕಡಲಿಗೆ ಇಳಿಯುವುದು ಯಾವುದು? ನಾಡದೋಣಿ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ನಿನ ಸಣ್ಣ ದೋಣಿಗಳಿಗೆ ಆ ಎರಡು ತಿಂಗಳು ಅವಕಾಶವಿದೆ. ಮರದ ಬದಲು ಈಗ ಫೈಬರ್. ಆದರೆ ಕ್ರಮ ಹಳೆಯದೇ: ಮೊದಲು ‘ತೂಫಾನ್’ ಆಗಬೇಕು, ಕಡಲು ತಳದಿಂದ ಕಲಕಿ ಸೀಗಡಿ ದಡದ ಕಡೆ ಬರಬೇಕು, ಸಮುದ್ರಪೂಜೆ ಆಗಬೇಕು, ಆಮೇಲೆ ಇಳಿಯುವುದು. ಅಷ್ಟರವರೆಗೆ ದಂಡೆಯಲ್ಲಿ ಕೂತು ನೋಡುವುದು.

ಆ ನೋಡುವುದೇ ಕೈಪಿಡಿಯಲ್ಲಿ ಇರಲಿಲ್ಲ. ಅದು ದೋಣಿಯನ್ನು ಕೊಳ್ಳಲು ಕಲಿಸುತ್ತಿತ್ತು. ಇವತ್ತು ಹೋಗಬೇಡ ಎಂದು ಹೇಳಲು ಅದರಲ್ಲಿ ಪುಟವಿರಲಿಲ್ಲ. ಈಚೆಗೆ ಮತ್ತೆ ಫೋನ್ ಮಾಡಿ, ಒಡೆಯುವ ಮೊದಲು ಕಡಿದಾಗಿ ಏಳುವ ಆ ಅಲೆಗೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು ಮಾವನನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹೆಸ್ರ್ ಎಂತಕ್ಕೆ? ಅದನ್ ಕಂಡ್ರೆ ತಿರ್ಗ್ ಬಪ್ದ್,” ಎಂದರು.

ಅಂದರೆ, ಕಂಡರೆ ಹಿಂತಿರುಗಿ ಬರುವುದು. ನಾನು ಅದನ್ನು ಇನ್ನೂ ಅನುವಾದ ಮಾಡುತ್ತಲೇ ಇದ್ದೇನೆ.