ಕರಾವಳಿಯ ವಾಹನ ಚರಿತ್ರೆಯಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್: ಪುನರ್‌ನಿರ್ಮಾಣದ ಜ್ಞಾನ ಮತ್ತು ಅದರ ದಾಖಲೆ

ಕರಾವಳಿ ಕರ್ನಾಟಕದ ಮೋಟಾರು ಸಾರಿಗೆಯ ಚರಿತ್ರೆಯು ಬಹುಮಟ್ಟಿಗೆ ಕಂಪೆನಿಗಳ, ಮಾಲೀಕರ ಹಾಗೂ ಮಾರ್ಗಗಳ ಚರಿತ್ರೆಯಾಗಿಯೇ ರೂಪುಗೊಂಡಿದೆ. 1914ರಲ್ಲಿ ಮಂಗಳೂರಿನಿಂದ ಬಸ್ಸು ಸಂಚಾರವನ್ನು ಆರಂಭಿಸಿದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಅದನ್ನು ಮುನ್ನಡೆಸಿದವರೂ 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರೂ ಆಗಿದ್ದ ವಾಮನ ಶ್ರೀನಿವಾಸ ಕುಡ್ವ, ಲೀಫ್ ಸ್ಪ್ರಿಂಗುಗಳಿಂದ ಹೆಸರಾದ ಕೆನರಾ ವರ್ಕ್‌ಶಾಪ್ಸ್ - ಇವು ಆ ಚರಿತ್ರೆಯ ಪರಿಚಿತ ಅಧ್ಯಾಯಗಳು. ಆದರೆ ಕೆಟ್ಟ ಯಂತ್ರವನ್ನು ಬಿಚ್ಚಿ ಮತ್ತೆ ಕಟ್ಟಿದ ಕೈಗಳ ಜ್ಞಾನಕ್ಕೆ ಅದರಲ್ಲಿ ದೊರೆತ ಸ್ಥಾನ ಅಲ್ಪ. ಈ ಜ್ಞಾನದ ಸ್ವರೂಪವನ್ನು ಅರಿಯಲು ವಾಹನದ ಅಂಗಗಳಲ್ಲಿ ಗೇರ್‌ಬಾಕ್ಸಿಗಿಂತ ಉತ್ತಮವಾದ ಸಾಕ್ಷಿ ಇಲ್ಲ.

ಮಂಗಳೂರು ನಗರದ ಕೊಟ್ಟಾರವನ್ನು ಈ ದೃಷ್ಟಿಯಿಂದ ನೋಡುವುದು ಉಪಯುಕ್ತ. ಮೊದಲು 17 ಎಂದು ಗುರುತಿಸಲಾಗುತ್ತಿದ್ದು, 2010ರ ಮರುಸಂಖ್ಯೆಯ ಅನಂತರ 66 ಎನಿಸಿದ ರಾಷ್ಟ್ರೀಯ ಹೆದ್ದಾರಿಯು ಕುಂಟಿಕಾನ, ಕೊಟ್ಟಾರ ಚೌಕಿ, ಕೂಳೂರುಗಳ ಮೂಲಕ ಸಾಗುತ್ತದೆ. ಕೊಟ್ಟಾರದ ದಕ್ಷಿಣಕ್ಕೆ 1946ರಲ್ಲಿ ಸ್ಥಾಪಿತವಾದ ಕರ್ನಾಟಕ ಪಾಲಿಟೆಕ್ನಿಕ್ ಇದೆ. ಉತ್ತರಕ್ಕೆ, ಕೂಳೂರು ಸೇತುವೆಯ ಆಚೆ, 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ಪಣಂಬೂರಿನ ನವಮಂಗಳೂರು ಬಂದರೂ 1960ರಲ್ಲಿ ಆರಂಭವಾದ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜೂ ಇವೆ. ತಾಂತ್ರಿಕ ಶಿಕ್ಷಣ, ಬಂದರು, ಹೆದ್ದಾರಿ ಈ ಮೂರರ ನಡುವೆ ನಿಂತ ಈ ಪ್ರದೇಶದಲ್ಲಿ ಹಾದುಹೋದ ವಾಹನಗಳ ಬದಲಾವಣೆಯು ದುರಸ್ತಿಜ್ಞಾನದ ಬದಲಾವಣೆಯೂ ಆಗಿತ್ತು.

ಹೊರನಾಡಿನ ಹಿನ್ನೆಲೆ

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಒಂದು ಮೂಲ ಹಡಗಿನಲ್ಲಿದೆ ಎಂಬುದು ಬಂದರು ಪಟ್ಟಣದ ಓದುಗರಿಗೆ ಸ್ವಾರಸ್ಯಕರವೆನಿಸಬಹುದು. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಪೇಟೆಂಟ್ ಪಡೆದ ದ್ರವಚಾಲಿತ ಸಾಧನವು ಹಡಗಿನ ಟರ್ಬೈನಿನ ಶಕ್ತಿಯನ್ನು ಪ್ರೊಪೆಲ್ಲರಿಗೆ ಸಾಗಿಸಲು ಉದ್ದೇಶಿತವಾಗಿತ್ತು. ಇಂದಿನ ಟಾರ್ಕ್ ಕನ್ವರ್ಟರ್ ಅದರ ಸಂತತಿ. ಅಮೆರಿಕದ ಜನರಲ್ ಮೋಟರ್ಸ್ 1939ರಲ್ಲಿ ಪ್ರಕಟಿಸಿದ ಹೈಡ್ರಾಮ್ಯಾಟಿಕ್, ಅಪಾರ ಸಂಖ್ಯೆಯಲ್ಲಿ ತಯಾರಾದ ಮೊದಲ ಪೂರ್ಣ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಎರಡನೆಯ ಮಹಾಯುದ್ಧದಲ್ಲಿ ಇದನ್ನು ಹಗುರ ಟ್ಯಾಂಕುಗಳಲ್ಲಿಯೂ ಬಳಸಲಾಯಿತು. 1950ರಲ್ಲಿ ಷೆವ್ರೊಲೆಯ ಪವರ್‌ಗ್ಲೈಡ್, 1956ರಲ್ಲಿ ಕ್ರೈಸ್ಲರಿನ ಟಾರ್ಕ್‌ಫ್ಲೈಟ್, 1964ರಲ್ಲಿ ಟರ್ಬೊ ಹೈಡ್ರಾಮ್ಯಾಟಿಕ್ 400 ಬಂದವು.

ಈ ಗೇರ್‌ಬಾಕ್ಸುಗಳು ಕೆಟ್ಟಾಗ ಅವನ್ನು ಬಿಚ್ಚಬೇಕಾಯಿತು. ಬಿಚ್ಚಿದವರಿಗೆ ಅವುಗಳ ದೌರ್ಬಲ್ಯಗಳು ತಿಳಿದವು. ತಿಳಿದವರು ಅವನ್ನು ಮೂಲಕ್ಕಿಂತ ಬಲಗೊಳಿಸಿದರು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಬ್ ಸ್ಪಾರ್ ಮೊದಲಾದವರು ಬೆಳೆಸಿದ ಬಿ ಅಂಡ್ ಎಂ ಸಂಸ್ಥೆಯು ಹೈಡ್ರಾಮ್ಯಾಟಿಕ್‌ಗಳನ್ನು ವೇಗಸ್ಪರ್ಧೆಯ ಕಾರುಗಳಿಗೆ ಹೊಂದುವಂತೆ ಪುನರ್‌ನಿರ್ಮಿಸಿತು. ಹೀಗೆ ದುರಸ್ತಿಯಿಂದಲೇ ಉನ್ನತೀಕರಣದ ಉದ್ಯಮ ಹುಟ್ಟಿತು.

ನಾಲ್ಕು ದಶಕಗಳ ಅಂತರ

ಭಾರತದಲ್ಲಿ ಇದು ಸಂಭವಿಸಲಿಲ್ಲ. 1953ರ ಸುಂಕ ಆಯೋಗದ ವರದಿಯ ಅನಂತರ, ದೇಶದೊಳಗೆ ತಯಾರಿಕೆಯ ಯೋಜನೆ ಇಲ್ಲದ ಕಂಪೆನಿಗಳಿಗೆ ಇಲ್ಲಿ ಅವಕಾಶ ಉಳಿಯಲಿಲ್ಲ. ಜನರಲ್ ಮೋಟರ್ಸ್ ಮತ್ತು ಫೋರ್ಡ್ ತಮ್ಮ ಜೋಡಣಾ ಘಟಕಗಳನ್ನು ಮುಚ್ಚಿದವು. ಅಮೆರಿಕದಲ್ಲಿ ಆಟೊಮ್ಯಾಟಿಕ್ ಮನೆಮಾತಾದ ದಶಕದಲ್ಲಿಯೇ ಭಾರತದ ಬಾಗಿಲು ಮುಚ್ಚಿತ್ತೆಂಬುದು ಗಮನಾರ್ಹ. ಅಂಬಾಸಿಡರ್, ಪ್ರೀಮಿಯರ್ ಕಾರುಗಳೂ ಟಾಟಾ, ಅಶೋಕ್ ಲೇಲ್ಯಾಂಡ್ ಲಾರಿ ಬಸ್ಸುಗಳೂ ಕೈಯಿಂದ ಗೇರು ಬದಲಿಸುವಂಥವೇ ಆಗಿದ್ದವು.

ಕರಾವಳಿಯ ಮೆಕ್ಯಾನಿಕರ ಪರಿಣತಿ ಬೆಳೆದುದು ಈ ಯಂತ್ರಗಳ ಮೇಲೆ. ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿಗಳನ್ನು ಏರಿಳಿಯುವ ವಾಹನದ ಗೇರ್‌ಬಾಕ್ಸಿಗೆ ಬಿಡುವಿರಲಿಲ್ಲ. ಹಲ್ಲು ಸವೆದ ಗೇರು, ಸಡಿಲಗೊಂಡ ಬೇರಿಂಗು, ಹಿಡಿತ ಕಳೆದುಕೊಂಡ ಕ್ಲಚ್ಚು - ಇವನ್ನು ಸದ್ದಿನಿಂದಲೂ ಗೇರುಕೋಲಿನ ಅದುರಿನಿಂದಲೂ ಗುರುತಿಸುವ ವಿದ್ಯೆಯು ಗ್ಯಾರೇಜುಗಳಲ್ಲಿ ಗುರುಶಿಷ್ಯ ಕ್ರಮದಲ್ಲಿ ಹರಿದುಬಂತು. 2004ರಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ಕಾರ್ಖಾನೆಯು ವಿದೇಶಗಳಿಗೆ ಕಳುಹಿಸತೊಡಗಿದ್ದೂ ಕೈಗೇರಿನ ಪೆಟ್ಟಿಗೆಗಳನ್ನೇ. ಕರ್ನಾಟಕದ ಬಲ ಆ ಕ್ಷೇತ್ರದಲ್ಲಿತ್ತು.

ಪುನರ್‌ನಿರ್ಮಾಣದ ಸ್ವರೂಪ

ಆಟೊಮ್ಯಾಟಿಕ್ ಗೇರ್‌ಬಾಕ್ಸು ಬೇರೆ ಬಗೆಯ ಅರಿವನ್ನು ಬೇಡುತ್ತದೆ. ಅದರಲ್ಲಿ ನಡುವೆ ಸೂರ್ಯ ಗೇರು, ಅದರ ಸುತ್ತ ಗ್ರಹ ಗೇರುಗಳು, ಹೊರಗೆ ಉಂಗುರ ಗೇರು ಇರುತ್ತವೆ. ಇವುಗಳಲ್ಲಿ ಒಂದನ್ನು ತಡೆದು ಇನ್ನೊಂದನ್ನು ಬಿಟ್ಟಾಗ ವೇಗದ ಅನುಪಾತ ಬದಲಾಗುತ್ತದೆ. ತಡೆಯುವ ಕೆಲಸ ಕ್ಲಚ್ ಪ್ಲೇಟುಗಳದ್ದು. ಅವನ್ನು ಒತ್ತುವುದು ಆಯಿಲಿನ ಒತ್ತಡ. ಆ ಒತ್ತಡವನ್ನು ಎಲ್ಲಿಗೆ, ಯಾವಾಗ ಕಳುಹಿಸಬೇಕೆಂಬುದನ್ನು ವಾಲ್ವ್ ಬಾಡಿ ನಿರ್ಧರಿಸುತ್ತದೆ. ಆದುದರಿಂದ ಇಲ್ಲಿ ರೋಗದ ಮೊದಲ ಸಾಕ್ಷಿ ಸದ್ದಲ್ಲ, ಆಯಿಲು. ಕಪ್ಪಾಗಿ ಸುಟ್ಟ ವಾಸನೆ ಬರುವ ಆಯಿಲು ಪ್ಲೇಟು ಜಾರಿದುದನ್ನೂ, ಅದರಲ್ಲಿನ ಲೋಹದ ಚೂರು ಬೇರಿಂಗು ಅಥವಾ ಗೇರು ಸವೆದುದನ್ನೂ ಹೇಳುತ್ತದೆ.

ಪುನರ್‌ನಿರ್ಮಾಣದಲ್ಲಿ ಪ್ಲೇಟು, ಸೀಲು, ಬುಶ್ಶುಗಳನ್ನು ಹೊಸದಾಗಿ ಹಾಕಿ, ಪ್ಲೇಟುಗಳ ನಡುವಣ ಅಂತರವನ್ನು ಅಳೆದು ಹೊಂದಿಸಬೇಕು. ಉನ್ನತೀಕರಣದಲ್ಲಿ ಪ್ಲೇಟುಗಳ ಸಂಖ್ಯೆಯನ್ನು ಹೆಚ್ಚಿಸುವುದು, ಆಯಿಲಿನ ಒತ್ತಡವನ್ನು ಏರಿಸುವುದು, ದೊಡ್ಡ ಕೂಲರ್ ಅಳವಡಿಸುವುದು, ಶಾಫ್ಟನ್ನು ಬಲಪಡಿಸುವುದು ಸೇರುತ್ತವೆ. ಆದರೆ ಒತ್ತಡವನ್ನು ಮಿತಿಮೀರಿ ಏರಿಸಿದರೆ ಪ್ಲೇಟು ಉಳಿದು ಶಾಫ್ಟು ಮುರಿಯುತ್ತದೆ. ಒಂದು ಅಂಗವನ್ನು ಬಲಪಡಿಸಿದಾಗ ಹೊರೆಯು ಮುಂದಿನ ದುರ್ಬಲ ಅಂಗದ ಮೇಲೆ ಬೀಳುತ್ತದೆ. ಆದುದರಿಂದ ಇಡೀ ವ್ಯವಸ್ಥೆಯನ್ನು ಅರಿಯದೆ ಒಂದು ಭಾಗವನ್ನು ಮಾತ್ರ ಉನ್ನತೀಕರಿಸುವುದು ಸಾಧ್ಯವಿಲ್ಲ.

ಕರಾವಳಿಗೆ ಬಂದ ಬಗೆ

ಕರ್ನಾಟಕದಲ್ಲಿ ಜನಸಾಮಾನ್ಯರು ಆಟೊಮ್ಯಾಟಿಕ್ ವಾಹನದಲ್ಲಿ ದಿನನಿತ್ಯ ಸಂಚರಿಸತೊಡಗಿದ್ದು 2000ದ ದಶಕದ ನಡುವೆ, ಬೆಂಗಳೂರಿನ ವೋಲ್ವೊ ನಗರ ಬಸ್ಸುಗಳ ಮೂಲಕ. ಕರಾವಳಿಯಿಂದ ಗಲ್ಫ್ ರಾಷ್ಟ್ರಗಳಿಗೆ ದುಡಿಯಲು ಹೋದವರಿಗೆ ಅದಕ್ಕೂ ಮೊದಲೇ ಅಲ್ಲಿನ ರಸ್ತೆಗಳಲ್ಲಿ ಇದರ ಪರಿಚಯವಾಗಿತ್ತು. 2014ರಲ್ಲಿ ಬಂದ ಮಾರುತಿ ಸೆಲೆರಿಯೊ ಅಗ್ಗದ ಕಾರಿಗೂ ಕ್ಲಚ್ ಪೆಡಲಿನಿಂದ ಬಿಡುಗಡೆ ನೀಡಿತಾದರೂ, ಅದರೊಳಗಿದ್ದುದು ಕೈಗೇರಿನ ಪೆಟ್ಟಿಗೆಯೇ. ಗೇರು ಬದಲಿಸುವ ಕೆಲಸವನ್ನು ಮಾತ್ರ ಯಂತ್ರಕ್ಕೆ ವಹಿಸಲಾಗಿತ್ತು.

ವೇಗಪ್ರಿಯರ ಕಾರುಗಳಲ್ಲಿ ಬಂದುದು ಎರಡು ಕ್ಲಚ್‌ಗಳ ಗೇರ್‌ಬಾಕ್ಸ್. ಇದರಲ್ಲಿ ಬೆಸ ಸಂಖ್ಯೆಯ ಗೇರುಗಳಿಗೆ ಒಂದು, ಸಮ ಸಂಖ್ಯೆಯ ಗೇರುಗಳಿಗೆ ಇನ್ನೊಂದು ಕ್ಲಚ್ ಇರುತ್ತದೆ. 2013ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರಿನ ಎಂಜಿನಿನ ಟಾರ್ಕ್ 175 ನ್ಯೂಟನ್ ಮೀಟರ್. ಅದರ ಏಳು ವೇಗದ ಗೇರ್‌ಬಾಕ್ಸಿನ ಮಿತಿ 250. ಅಲ್ಲಿ ಅಂತರವಿತ್ತು. 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಲ್ಲಾದರೋ ಎಂಜಿನಿನ ಟಾರ್ಕ್ 350. ಆರು ವೇಗದ ಗೇರ್‌ಬಾಕ್ಸಿನ ನಿಗದಿತ ಮಿತಿಯೂ 350. ಇಂತಹ ಕಾರಿನ ಎಂಜಿನಿನ ಶಕ್ತಿಯನ್ನು ಕಂಪ್ಯೂಟರ್ ಮೂಲಕ ಏರಿಸಿದವರು ಗೇರ್‌ಬಾಕ್ಸಿನ ವಿಷಯವನ್ನು ಮುಂದೂಡಲಾಗದು. ಕ್ಲಚ್ಚನ್ನು ಬಲಪಡಿಸುವುದೂ ಅದರ ಒತ್ತಡವನ್ನು ಆಳುವ ಸಾಫ್ಟ್‌ವೇರನ್ನು ತಿದ್ದುವುದೂ ಜೊತೆಜೊತೆಗೆ ನಡೆಯಬೇಕಾಗುತ್ತದೆ.

ಕರಾವಳಿಯ ಹವೆಯೂ ಇಲ್ಲಿ ಗಣನೀಯ ಅಂಶ. 2018ರ ಮೇ 29ರಂದು ಸುರಿದ ಮಳೆಗೆ ಮಂಗಳೂರು ನಗರವು ಜಲಾವೃತವಾದಾಗ ಕೊಟ್ಟಾರ ಚೌಕಿಯೂ ಮುಳುಗಿತ್ತು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಗಾಳಿಕಿಂಡಿಯ ಮೂಲಕ ನೀರು ಒಳಸೇರಿದರೆ ಕಾಗದದ ನಾರಿನಿಂದ ಮಾಡಿದ ಪ್ಲೇಟಿನ ಪದರವು ಅದನ್ನು ಹೀರುತ್ತದೆ. ಪದರವನ್ನು ಉಕ್ಕಿಗೆ ಹಿಡಿದಿಟ್ಟ ಅಂಟು ಬಿಡುತ್ತದೆ. ಆಯಿಲು ಬದಲಿಸಿದ ಮಾತ್ರಕ್ಕೆ ಈ ಹಾನಿ ಸರಿಹೋಗದು. ಮಳೆನಾಡಿನ ಮೆಕ್ಯಾನಿಕನು ವಿದೇಶದ ಕೈಪಿಡಿಗೆ ತನ್ನದೇ ಆದ ಅಧ್ಯಾಯವೊಂದನ್ನು ಸೇರಿಸಬೇಕಾದ ಸಂದರ್ಭವಿದು.

ದಾಖಲೆಯ ಪ್ರಶ್ನೆ

ಆ ಅಧ್ಯಾಯ ಬರೆಯಲ್ಪಡುವುದೇ ಎಂಬುದು ಮುಖ್ಯ ಪ್ರಶ್ನೆ. ಕೆಟ್ಟ ಘಟಕವನ್ನು ತೆರೆಯದೆಯೇ ಇಡಿಯಾಗಿ ಬದಲಿಸುವುದು ಇಂದಿನ ಸೇವಾಕೇಂದ್ರಗಳಲ್ಲಿ ಸಾಮಾನ್ಯ ಕ್ರಮ. ಇದರಿಂದ ಗ್ರಾಹಕನ ಸಮಯ ಉಳಿಯಬಹುದು. ಆದರೆ ಘಟಕ ಏಕೆ ಕೆಟ್ಟಿತೆಂಬ ತಿಳಿವಳಿಕೆ ಸ್ಥಳೀಯವಾಗಿ ಉಳಿಯುವುದಿಲ್ಲ. ಅಮೆರಿಕದಲ್ಲಿ ಬಿಚ್ಚುವಿಕೆಯಿಂದ ಹುಟ್ಟಿದ ಜ್ಞಾನ ಇಲ್ಲಿ ಬಿಚ್ಚದಿರುವಿಕೆಯಿಂದ ಹುಟ್ಟದೆ ಹೋಗಬಹುದು. ಇನ್ನೊಂದೆಡೆ, 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಈ ನಿರ್ಬಂಧಕ್ಕೆ ಕಾರಣಗಳಿವೆ. ಆದರೆ ಮಾರ್ಪಾಡಿನ ಕೆಲಸವು ಲೆಕ್ಕಪುಸ್ತಕದಿಂದ ದೂರ ಉಳಿಯಲು ಬಯಸುವ ಕಡೆ ಚರಿತ್ರಕಾರನಿಗೆ ಆಕರಗಳೂ ದೊರೆಯುವುದಿಲ್ಲ.

ಬಸ್ಸು ಕಂಪೆನಿಗಳ ಕಾಲದ ಕೈಗೇರಿನ ವಿದ್ಯೆಯು ಬಹುಪಾಲು ದಾಖಲಾಗದೆಯೇ ಅದನ್ನು ಬಲ್ಲವರೊಂದಿಗೆ ಮರೆಯಾಗುತ್ತಿದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ವಿಷಯದಲ್ಲಿ ಇನ್ನೂ ಕಾಲ ಮಿಂಚಿಲ್ಲ. ಅದನ್ನು ಮೊದಲು ಬಿಚ್ಚಿದ ತಲೆಮಾರು ಇಂದಿಗೂ ದುಡಿಯುತ್ತಿದೆ. ಗ್ಯಾರೇಜುಗಳ ಕೆಲಸದ ಪುಸ್ತಕಗಳು, ಹಿರಿಯ ಮೆಕ್ಯಾನಿಕರ ಹೇಳಿಕೆಗಳು, ಸವೆದು ತೆಗೆದಿಟ್ಟ ಬಿಡಿಭಾಗಗಳು ಇವೆಲ್ಲವೂ ಚರಿತ್ರೆಯ ಆಕರಗಳೇ. ಕೊಟ್ಟಾರದಿಂದ ಕೂಗಳತೆಯ ದೂರದಲ್ಲಿರುವ ಪಾಲಿಟೆಕ್ನಿಕ್‌ನಂತಹ ಸಂಸ್ಥೆಗಳೂ ಚರಿತ್ರೆಯ ಸಂಶೋಧಕರೂ ಕೂಡಿ ಇವನ್ನು ಕನ್ನಡದಲ್ಲಿ ಸಂಗ್ರಹಿಸಿದರೆ, ಕರಾವಳಿಯ ಸಾರಿಗೆ ಚರಿತ್ರೆಯಲ್ಲಿ ಮಾಲೀಕರ ಹೆಸರುಗಳ ಪಕ್ಕದಲ್ಲಿ ಮೆಕ್ಯಾನಿಕರ ಅರಿವಿಗೂ ನ್ಯಾಯವಾದ ಸ್ಥಾನ ದೊರೆಯುತ್ತದೆ.