ಪುಟವಿನ್ಯಾಸ, ನಿಯತಕಾಲಿಕಗಳಲ್ಲಿ

ನಿಯತಕಾಲಿಕದ ಪುಟದಲ್ಲಿ ಅಕ್ಷರ, ಚಿತ್ರ, ಶೀರ್ಷಿಕೆ ಮತ್ತು ಖಾಲಿ ಜಾಗವನ್ನು ಓದಿನ ಕ್ರಮಕ್ಕೆ ಒಪ್ಪುವಂತೆ ಜೋಡಿಸುವ ಮುದ್ರಣಕಲೆಯ ಶಾಖೆ. ಅಂಚು, ಅಂಕಣ, ಸಾಲುಗಳ ನಡುವಣ ಅಂತರ, ಶೀರ್ಷಿಕೆಗಳ ಶ್ರೇಣಿ ಇದರ ಮೂಲಾಂಶಗಳು. ಇವನ್ನು ಒಂದೇ ಅಳತೆಗೆ ತರುವುದು ಮುದ್ರಣದಲ್ಲಿ ಕಾಣಿಸದ ಗೆರೆಗಳ ಜಾಲವಾದ ಗ್ರಿಡ್. ಮುದ್ರಣವಿನ್ಯಾಸಕ ಯಾನ್ ಚಿಕೋಲ್ಡ್ 1928ರ ತನ್ನ ಜರ್ಮನ್ ಗ್ರಂಥದಲ್ಲಿ ಎಲ್ಲವನ್ನೂ ನಡುಗೆರೆಗೆ ಹೊಂದಿಸುವ ಹಳೆಯ ರೂಢಿಯನ್ನು ಬಿಟ್ಟು ಅಸಮ ಜೋಡಣೆಯನ್ನು ಪ್ರತಿಪಾದಿಸಿದ. ಯೋಸೆಫ್ ಮ್ಯೂಲರ್-ಬ್ರೋಕ್‌ಮನ್ ಸಂಪಾದಕರಲ್ಲೊಬ್ಬನಾಗಿದ್ದ ಸ್ವಿಸ್ ಪತ್ರಿಕೆ ‘ನೊಯೆ ಗ್ರಾಫಿಕ್’ (1958–65) ಜರ್ಮನ್, ಇಂಗ್ಲಿಷ್, ಫ್ರೆಂಚ್ ಪಠ್ಯಗಳನ್ನು ಒಂದೇ ಗ್ರಿಡ್ಡಿಗೆ ಹೊಂದಿಸಿತು. ಮೂರು ಭಾಷೆಗಳ ಭಾರವನ್ನು ಗೊಂದಲವಿಲ್ಲದೆ ಹೊತ್ತ ಆ ಪುಟಗಳು, ಗ್ರಿಡ್ ಅಲಂಕಾರವಲ್ಲ, ಓದುಗನಿಗೆ ಸಲ್ಲುವ ಸೇವೆ ಎಂಬುದಕ್ಕೆ ಗಟ್ಟಿ ಸಾಕ್ಷಿ.

ಗ್ರಿಡ್ ಪುಟಗಳನ್ನು ಏಕತಾನಗೊಳಿಸುತ್ತದೆ ಎಂಬ ಆಕ್ಷೇಪಣೆಗೆ ಬೆಂಬಲವಾಗಿ ಅಮೆರಿಕದ ‘ಹಾರ್ಪರ್ಸ್ ಬಜಾರ್’ನ ಕಲಾನಿರ್ದೇಶಕನಾಗಿದ್ದ (1934–58) ಅಲೆಕ್ಸಿ ಬ್ರೊಡೊವಿಚ್‌ನನ್ನು ಉದಾಹರಿಸಬಹುದು: ಎದುರುಬದುರು ಪುಟಗಳನ್ನು ಒಂದೇ ಘಟಕವೆಂದು ಬಗೆದು, ಚಿತ್ರಗಳನ್ನು ಧೈರ್ಯವಾಗಿ ಕತ್ತರಿಸಿ, ಖಾಲಿ ಜಾಗಕ್ಕೂ ಚಿತ್ರದಷ್ಟೇ ಬೆಲೆ ಕೊಟ್ಟವನು ಆತ. ಆದರೆ ಇಂಥ ಸ್ವಾತಂತ್ರ್ಯ ಎದ್ದು ಕಾಣಬೇಕಾದರೆ ಸುತ್ತಲಿನ ಪುಟಗಳಲ್ಲಿ ಕ್ರಮವಿರಬೇಕು. ಹೆಚ್ಚು ತೂಕದ ಆಕ್ಷೇಪಣೆ ಲಿಪಿಯದು. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ರೋಮನ್ ಲಿಪಿಗೆ ಸಾಕಾಗುವ ಸಾಲಿನ ಅಂತರ ಇಲ್ಲಿ ಇಕ್ಕಟ್ಟಾಗುತ್ತದೆ. ಸಂಧಿ, ಸಮಾಸ, ಪ್ರತ್ಯಯಗಳಿಂದ ಬೆಳೆದ ಪದಗಳು ಕಿರಿದಾದ ಅಂಕಣದ ಎರಡೂ ಅಂಚಿಗೆ ಸಮನಾಗಿ ಹೊಂದದೆ ನಡುವೆ ಬಿಳಿಯ ಕಂದಕಗಳನ್ನು ಉಳಿಸುತ್ತವೆ. ಇದು ಗ್ರಿಡ್ ತತ್ತ್ವದ ಸೋಲಲ್ಲ, ಎರವಲು ಅಳತೆಯ ಸೋಲು: ಅಂಕಣವನ್ನು ಅಗಲಿಸುವುದು ಅಥವಾ ಎಡ ಅಂಚನ್ನಷ್ಟೇ ನೇರವಾಗಿರಿಸುವುದು ಇದಕ್ಕೆ ಪರಿಹಾರ.